ಅಣು ಒಪ್ಪಂದ: ಮತ ಬಿದ್ದುದು ಯಾವುದಕ್ಕೆ?

ಗುಂಡಿಯನ್ನು ಒತ್ತಿದೊಡನೆ ಮನೆಯಲ್ಲಿ ದೀಪ ಹತ್ತುತ್ತದೆ. ಆ ವಿದ್ಯುಚ್ಛಕ್ತಿ ಶರಾವತಿಯ ನೀರಿನಿಂದ ಬಂದುದೋ, ರಾಯಚೂರಿನಲ್ಲಿ ಉರಿದ ಕಲ್ಲಿದ್ದಲಿನಿಂದ ಬಂದುದೋ, ಉತ್ತರ ಕನ್ನಡದ ಕಾಡಿನ ನಡುವೆ ಇರುವ ಕೈಗಾದ ಅಣುಸ್ಥಾವರದಿಂದ ಬಂದುದೋ ಎಂದು ವಿಚಾರಿಸುವವರು ವಿರಳ. ತಿಂಗಳ ಕೊನೆಗೆ ಬರುವ ಬಿಲ್ಲಿನ ಮೇಲೂ ಅದರ ಕುಲಗೋತ್ರ ಬರೆದಿರುವುದಿಲ್ಲ. ಆದರೆ 2005ರಿಂದ 2008ರವರೆಗೆ ಮೂರು ವರ್ಷಗಳ ಕಾಲ ಭಾರತದ ರಾಜಕಾರಣ ಈ ಕುಲಗೋತ್ರದ ಸುತ್ತಲೇ ಸುತ್ತಿತು. ಒಂದು ಸರ್ಕಾರ ಉರುಳುವ ಹಂತಕ್ಕೆ ಬಂದಿತು. ಹಳೆಯ ಗೆಳೆತನಗಳು ಮುರಿದವು. ಹಳೆಯ ಹಗೆಗಳು ಒಂದಾದವು. ಅಮೆರಿಕದೊಡನೆ ಮಾಡಿಕೊಂಡ ನಾಗರಿಕ ಅಣುಶಕ್ತಿ ಒಪ್ಪಂದವೇ ಇಷ್ಟಕ್ಕೆಲ್ಲ ಕಾರಣ.

ಪರರಿಂದ ಇಂಧನವನ್ನು ಪಡೆದೂ ಪರರ ಹಂಗಿಗೆ ಒಳಗಾಗದೆ ಇರುವುದು ಸಾಧ್ಯವೇ? ಸಾಧ್ಯವೆಂದು ತೀರ್ಮಾನಿಸುವ ಅಧಿಕಾರ ಯಾರದು? ಆ ಗದ್ದಲದ ನಡುವೆ ಇದ್ದ ನಿಜವಾದ ಪ್ರಶ್ನೆಗಳು ಇವೆರಡೇ. ಮೊದಲನೆಯದನ್ನು ಕುರಿತು ದೇಶ ಬೇಕಾದಷ್ಟು ಮಾತನಾಡಿತು. ಎರಡನೆಯದು ಗದ್ದಲದಲ್ಲಿ ಮುಳುಗಿಹೋಯಿತು.

ತಾರಾಪುರದ ಪಾಠ

ಹಂಗಿನ ಭಯ ಸುಮ್ಮನೆ ಹುಟ್ಟಿದುದಲ್ಲ. ಮುಂಬಯಿಯ ಉತ್ತರಕ್ಕೆ ಇರುವ ತಾರಾಪುರದಲ್ಲಿ ಅಣುಸ್ಥಾವರವನ್ನು ಕಟ್ಟುವುದಕ್ಕಾಗಿ ಭಾರತ 1963ರಲ್ಲಿ ಅಮೆರಿಕದೊಡನೆ ಕರಾರು ಮಾಡಿಕೊಂಡಿತು. ಮೂವತ್ತು ವರ್ಷಗಳ ಕಾಲ ಇಂಧನ ಒದಗಿಸುವುದಾಗಿ ಅಮೆರಿಕ ಮಾತು ಕೊಟ್ಟಿತು. 1969ರಲ್ಲಿ ತಾರಾಪುರದ ವಿದ್ಯುತ್ತು ಹರಿಯತೊಡಗಿತು.

1974ರ ಮೇ 18ರಂದು ಭಾರತ ಪೋಖರಣದಲ್ಲಿ ತನ್ನ ಮೊದಲ ಅಣುಸ್ಫೋಟವನ್ನು ನಡೆಸಿತು. ಅದರ ನೇತೃತ್ವ ವಹಿಸಿದವರಲ್ಲಿ ಪ್ರಮುಖರು ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರು. ಆ ಸ್ಫೋಟಕ್ಕೆ ಬೇಕಾದ ಪ್ಲುಟೋನಿಯಂ ಬಂದುದು ಕೆನಡಾದ ನೆರವಿನಿಂದ ಟ್ರಾಂಬೆಯಲ್ಲಿ ಕಟ್ಟಿದ ರಿಯಾಕ್ಟರಿನಿಂದ. ಕೆನಡಾ ಕೂಡಲೇ ನೆರವನ್ನು ಹಿಂತೆಗೆದುಕೊಂಡಿತು. ಅಣುಸಾಮಗ್ರಿಯನ್ನು ಮಾರುವ ರಾಷ್ಟ್ರಗಳು ತಮ್ಮದೊಂದು ಕೂಟ ಕಟ್ಟಿಕೊಂಡವು. 1978ರಲ್ಲಿ ಅಮೆರಿಕ ತನ್ನ ಕಾನೂನನ್ನೇ ಬದಲಿಸಿತು. ಅಲ್ಲಿಗೆ ತಾರಾಪುರಕ್ಕೆ ಕೊಟ್ಟ ಮಾತು ಮಾತಾಗಿಯೇ ಉಳಿಯಿತು; ಮುಂದೆ ಫ್ರಾನ್ಸಿನಿಂದ ಇಂಧನ ತರಿಸಬೇಕಾಯಿತು.

ಅಣ್ವಸ್ತ್ರ ಪ್ರಸರಣ ನಿಷೇಧದ ಒಡಂಬಡಿಕೆಗೆ ಭಾರತ ಸಹಿ ಹಾಕಿರಲಿಲ್ಲ. ಅಣುಬಾಂಬು ಇದ್ದವರಿಗೆ ಒಂದು ನ್ಯಾಯ, ಇಲ್ಲದವರಿಗೆ ಇನ್ನೊಂದು ನ್ಯಾಯ ಎಂಬುದು ಅದರ ಆಕ್ಷೇಪವಾಗಿತ್ತು. ಆ ಸ್ವಾಭಿಮಾನಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. ಹೊರಗಿನ ಯುರೇನಿಯಂ ಬಾರದು, ಒಳಗಿನದು ಸಾಲದು. 2007 ಮತ್ತು 2008ರ ಸುಮಾರಿಗೆ ದೇಶದ ಅಣುಸ್ಥಾವರಗಳು ಸಾಮರ್ಥ್ಯದ ಅರ್ಧದಷ್ಟನ್ನೇ ಉತ್ಪಾದಿಸುವ ಸ್ಥಿತಿಗೆ ಇಳಿದವು. ಕಟ್ಟಿದ ಒಲೆಗಳಿದ್ದವು, ಸೌದೆ ಇರಲಿಲ್ಲ.

ವಾಷಿಂಗ್ಟನ್ನಿನ ಹೇಳಿಕೆ

ಇಂಥ ಸಂದರ್ಭದಲ್ಲಿ, 2005ರ ಜುಲೈ 18ರಂದು, ಪ್ರಧಾನಮಂತ್ರಿ ಮನಮೋಹನ ಸಿಂಗ್ ಮತ್ತು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ವಾಷಿಂಗ್ಟನ್ನಿನಲ್ಲಿ ಜಂಟಿ ಹೇಳಿಕೆಯೊಂದನ್ನು ಹೊರಡಿಸಿದರು. ಅದರ ಸಾರ ಇಷ್ಟು: ಭಾರತ ತನ್ನ ಅಣುಸ್ಥಾವರಗಳನ್ನು ನಾಗರಿಕವೆಂದೂ ಸೈನಿಕವೆಂದೂ ಬೇರ್ಪಡಿಸಿ, ನಾಗರಿಕ ಸ್ಥಾವರಗಳನ್ನು ಅಂತಾರಾಷ್ಟ್ರೀಯ ತಪಾಸಣೆಗೆ ತೆರೆದಿಡಬೇಕು, ಅಮೆರಿಕ ತನ್ನ ಕಾನೂನನ್ನು ಸಡಿಲಿಸಿ, ಭಾರತಕ್ಕೆ ಮುಚ್ಚಿದ್ದ ಅಣು ವ್ಯಾಪಾರದ ಬಾಗಿಲನ್ನು ತೆರೆಯಿಸಬೇಕು.

ಮನೆಯ ಆಸ್ತಿಯನ್ನು ಪಾಲು ಮಾಡುವುದೇ ಕಷ್ಟ. ಅಣುಸ್ಥಾವರಗಳನ್ನು ಪಾಲು ಮಾಡುವುದು ಸುಲಭವಾಗಿದ್ದೀತೆ? ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ರಿಯಾಕ್ಟರನ್ನೂ ನಾಗರಿಕ ಪಟ್ಟಿಗೆ ಸೇರಿಸಬೇಕೆಂದು ಅಮೆರಿಕ ಒತ್ತಾಯಿಸಿತು. ಈ ಬಗೆಯ ರಿಯಾಕ್ಟರು ತಾನು ಉರಿಸಿದ್ದಕ್ಕಿಂತ ಹೆಚ್ಚು ಇಂಧನವನ್ನು ಹುಟ್ಟಿಸಬಲ್ಲದು. ದೇಶದಲ್ಲಿ ಹೇರಳವಾಗಿರುವ ಥೋರಿಯಂ ಅನ್ನು ಒಂದು ದಿನ ಬಳಸಬೇಕೆಂದು ಹೋಮಿ ಭಾಭಾ ಹಾಕಿಕೊಟ್ಟ ಮೂರು ಹಂತಗಳ ಯೋಜನೆಗೆ ಅದೇ ನಡುಮೆಟ್ಟಿಲು. ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರರು 2006ರ ಫೆಬ್ರವರಿಯಲ್ಲಿ ಪತ್ರಿಕೆಯೊಂದರ ಮುಂದೆ ಇದಕ್ಕೆ ಬಹಿರಂಗವಾಗಿ ವಿರೋಧ ಸೂಚಿಸಿದರು. ಅಧಿಕಾರದಲ್ಲಿರುವ ವಿಜ್ಞಾನಿಯೊಬ್ಬರು ಹೀಗೆ ಬಾಯಿಬಿಟ್ಟದ್ದು ಅಪರೂಪದ ಸಂಗತಿ. ಮಾರ್ಚ್ 2ರಂದು ಬುಷ್ ದೆಹಲಿಗೆ ಬಂದಾಗ ಹೊರಬಿದ್ದ ಯೋಜನೆಯಲ್ಲಿ 22 ರಿಯಾಕ್ಟರುಗಳ ಪೈಕಿ 14 ನಾಗರಿಕ ಪಟ್ಟಿಗೆ ಸೇರಿದವು. ಫಾಸ್ಟ್ ಬ್ರೀಡರ್ ಹೊರಗುಳಿಯಿತು. ಕೈಗಾ ಕೂಡ ತಪಾಸಣೆಯಿಂದ ಹೊರಗೇ ಉಳಿಯಿತು.

ಎಡದವರ ಭಯ, ಬಲದವರ ಭಯ

2006ರ ಡಿಸೆಂಬರಿನಲ್ಲಿ ಅಮೆರಿಕ 'ಹೈಡ್ ಕಾನೂನು' ಎಂಬುದನ್ನು ಮಾಡಿತು. 2007ರ ಆಗಸ್ಟಿನಲ್ಲಿ '123 ಒಪ್ಪಂದ'ದ ಪಾಠ ಪ್ರಕಟವಾಯಿತು. ಮಕ್ಕಳ ಮಗ್ಗಿಯಂತೆ ಕೇಳಿಸುವ ಈ ಹೆಸರು ಬಂದುದು ಅಮೆರಿಕದ 1954ರ ಅಣುಶಕ್ತಿ ಕಾನೂನಿನ 123ನೆಯ ಕಲಮಿನಿಂದ. ಅಲ್ಲಿಂದ ವಿವಾದ ಬೀದಿಗೆ ಬಂದಿತು.

ಮನಮೋಹನ ಸಿಂಗರ ಸರ್ಕಾರ ನಿಂತಿದ್ದುದು ಎಡಪಕ್ಷಗಳ ಸುಮಾರು ಅರವತ್ತು ಸದಸ್ಯರ ಹೊರಬೆಂಬಲದ ಮೇಲೆ. ಹೈಡ್ ಕಾನೂನಿನಲ್ಲಿ ಇರಾನಿನ ಪ್ರಸ್ತಾಪವಿರುವುದನ್ನು ಆ ಪಕ್ಷಗಳು ಎತ್ತಿ ತೋರಿಸಿದವು. ಇಂದು ಇಂಧನಕ್ಕೆ ಕೈಯೊಡ್ಡಿದವರು ನಾಳೆ ವಿದೇಶಾಂಗ ನೀತಿಯನ್ನೇ ಒಪ್ಪಿಸಬೇಕಾದೀತು ಎಂಬುದು ಅವುಗಳ ವಾದ. ಭಾರತೀಯ ಜನತಾ ಪಕ್ಷದ ಆಕ್ಷೇಪ ಬೇರೆ ಬಗೆಯದು. 1998ರಲ್ಲಿ ಪೋಖರಣದಲ್ಲಿ ಮತ್ತೆ ಪರೀಕ್ಷೆ ನಡೆಸಿದ ಪಕ್ಷ ಅದು. ಇನ್ನೊಂದು ಪರೀಕ್ಷೆ ನಡೆಸುವ ಹಕ್ಕು ಈ ಕರಾರಿನಿಂದ ಕೈಬಿಟ್ಟುಹೋಗುತ್ತದೆ ಎಂದು ಅದು ವಾದಿಸಿತು. ಅಮೆರಿಕದೊಡನೆ ಸಖ್ಯ ಬೆಳೆಸಲು ಮೊದಲು ಹೆಜ್ಜೆಯಿಟ್ಟದ್ದು ವಾಜಪೇಯಿಯವರ ಸರ್ಕಾರವೇ ಅಲ್ಲವೇ ಎಂದು ಕಾಂಗ್ರೆಸಿಗರು ಮರುಪ್ರಶ್ನೆ ಹಾಕಿದರು.

ನಿವೃತ್ತ ಅಣುವಿಜ್ಞಾನಿಗಳು 2006ರ ಆಗಸ್ಟಿನಲ್ಲೇ ಪಾರ್ಲಿಮೆಂಟಿನ ಸದಸ್ಯರಿಗೆ ಮನವಿ ಮಾಡಿಕೊಂಡಿದ್ದರು. ಅದರಲ್ಲಿ ಹೋಮಿ ಸೇಠ್ನಾ, ಪಿ. ಕೆ. ಅಯ್ಯಂಗಾರ್ ಅವರೊಡನೆ ಬೆಂಗಳೂರಿನಲ್ಲಿ ಹುಟ್ಟಿದ ಎಂ. ಆರ್. ಶ್ರೀನಿವಾಸನ್ ಅವರ ಹೆಸರೂ ಇತ್ತು. ಅದೇ ತಿಂಗಳ 17ರಂದು ಪ್ರಧಾನಿ ರಾಜ್ಯಸಭೆಯಲ್ಲಿ ಅಂಶ ಅಂಶವಾಗಿ ಭರವಸೆಗಳನ್ನು ಕೊಟ್ಟರು. ಬಳಸಿದ ಇಂಧನವನ್ನು ಮರುಸಂಸ್ಕರಿಸುವ ಅನುಮತಿ, ಇಂಧನವನ್ನು ದಾಸ್ತಾನಿಡುವ ವ್ಯವಸ್ಥೆ ಇವೆಲ್ಲ ಮುಂದೆ ಒಪ್ಪಂದದ ಪಾಠದಲ್ಲಿ ಜಾಗ ಪಡೆದವು. ಟೀಕಾಕಾರರ ಕೂಗು ವ್ಯರ್ಥವಾಗಲಿಲ್ಲ. ಅದು ಸಂಧಾನಕ್ಕೆ ಕುಳಿತವರ ಬೆನ್ನಿಗೆ ಬಲವಾಯಿತು.

ಜುಲೈ ತಿಂಗಳ ಎರಡು ದಿನ

ಸರ್ಕಾರವೂ ಎಡಪಕ್ಷಗಳೂ ಸೇರಿ ಸಮಿತಿಯೊಂದನ್ನು ಮಾಡಿಕೊಂಡು ತಿಂಗಳುಗಟ್ಟಲೆ ಚರ್ಚಿಸಿದವು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ ದಿನಗಳು ಸರಿದವು. ಕಡೆಗೆ 2008ರ ಜುಲೈ 8ರಂದು ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಳ್ಳುವುದಾಗಿ ಸಾರಿದವು. ಅಷ್ಟು ಹೊತ್ತಿಗೆ ಕಾಂಗ್ರೆಸ್ಸಿನೊಡನೆ ಮುಖ ಮುರಿದುಕೊಂಡಿದ್ದ ಸಮಾಜವಾದಿ ಪಕ್ಷದ ಮುಖಂಡರು ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರನ್ನು ಕಂಡು, ಒಪ್ಪಂದ ದೇಶಕ್ಕೆ ಹಿತವೆಂಬ ಅವರ ಅಭಿಪ್ರಾಯವನ್ನು ಪಡೆದು, ಸರ್ಕಾರದ ಕಡೆಗೆ ವಾಲಿದ್ದರು.

ಜುಲೈ 21 ಮತ್ತು 22ರಂದು ಲೋಕಸಭೆಯಲ್ಲಿ ವಿಶ್ವಾಸಮತದ ಚರ್ಚೆ ನಡೆಯಿತು. ಎರಡನೆಯ ದಿನ ಭಾ.ಜ.ಪ.ದ ಮೂವರು ಸದಸ್ಯರು ನೋಟಿನ ಕಂತೆಗಳನ್ನು ತಂದು ಸಭೆಯ ಮೇಜಿನ ಮೇಲೆ ಸುರಿದು, ಇದು ತಮ್ಮ ಮತವನ್ನು ಕೊಳ್ಳಲು ಕೊಟ್ಟ ಹಣವೆಂದು ಆರೋಪಿಸಿದರು; ಸರ್ಕಾರದ ಪಕ್ಷದವರು ಅದನ್ನು ಅಲ್ಲಗಳೆದರು. ಆ ಕೋಲಾಹಲದಲ್ಲಿ ಪ್ರಧಾನಿ ತಮ್ಮ ಉತ್ತರವನ್ನು ಓದಲಾಗದೆ ಮೇಜಿನ ಮೇಲಿಟ್ಟು ಕುಳಿತರು. ಮತ ಎಣಿಸಿದಾಗ ಸರ್ಕಾರದ ಪರ 275, ವಿರುದ್ಧ 256. ಬೆಂಗಳೂರು ಉತ್ತರ ಕ್ಷೇತ್ರದ ಭಾ.ಜ.ಪ. ಸದಸ್ಯ ಎಚ್. ಟಿ. ಸಾಂಗ್ಲಿಯಾನ ಪಕ್ಷದ ಆಜ್ಞೆಯನ್ನು ಮೀರಿ ಸರ್ಕಾರದ ಪರ ಮತ ಹಾಕಿದರು. ಪಕ್ಷ ಅವರನ್ನು ಹೊರಹಾಕಿತು. ಸಭಾಧ್ಯಕ್ಷ ಸೋಮನಾಥ ಚಟರ್ಜಿ ತಾವು ಪಕ್ಷಾತೀತರೆಂದು ಪೀಠವನ್ನು ಬಿಡಲೊಪ್ಪಲಿಲ್ಲ; ಮರುದಿನ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷ ಅವರನ್ನು ಉಚ್ಚಾಟಿಸಿತು.

ಆಮೇಲಿನ ಕೆಲಸ ಚುರುಕಾಗಿ ಸಾಗಿತು. ಆಗಸ್ಟ್ 1ರಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ತಪಾಸಣೆಯ ಕರಾರಿಗೆ ಒಪ್ಪಿಗೆಯಿತ್ತಿತು. ಸೆಪ್ಟೆಂಬರ್ 6ರಂದು ನಲವತ್ತೈದು ರಾಷ್ಟ್ರಗಳ ಪೂರೈಕೆದಾರ ಕೂಟ ಭಾರತಕ್ಕೆ ವಿನಾಯಿತಿ ನೀಡಿತು. ಅಕ್ಟೋಬರ್ 10ರಂದು ಪ್ರಣವ್ ಮುಖರ್ಜಿ ಮತ್ತು ಕಾಂಡೊಲೀಜಾ ರೈಸ್ ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿದರು.

ಮತದ ಪ್ರಶ್ನೆ

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಇದೇ ಒಪ್ಪಂದ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಬಂದಾಗ ಕೆಳಮನೆ 298ಕ್ಕೆ 117ರಂತೆಯೂ, ಸೆನೆಟ್ 86ಕ್ಕೆ 13ರಂತೆಯೂ ಒಪ್ಪಂದಕ್ಕೇ ಮತವಿತ್ತವು. ಭಾರತದ ಪಾರ್ಲಿಮೆಂಟಿನಲ್ಲಿ ಚರ್ಚೆಗಳೇನೋ ನಡೆದವು. ಆದರೆ ಒಪ್ಪಂದ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಒಂದು ಮತವೂ ಬೀಳಲಿಲ್ಲ. ಸಂವಿಧಾನದ ಪ್ರಕಾರ ಪರರಾಷ್ಟ್ರಗಳೊಡನೆ ಕರಾರು ಮಾಡಿಕೊಳ್ಳುವುದು ಸರ್ಕಾರದ ಅಧಿಕಾರ. ಅದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಹೀಗಾಗಿ ಸದಸ್ಯರಿಗೆ ಉಳಿದ ದಾರಿ ಒಂದೇ: ಸರ್ಕಾರವನ್ನು ಉಳಿಸುವುದು, ಇಲ್ಲವೇ ಉರುಳಿಸುವುದು. ಒಪ್ಪಂದವನ್ನು ಮೆಚ್ಚಿಯೂ ಸರ್ಕಾರವನ್ನು ಒಲ್ಲದವನಿಗೆ, ಸರ್ಕಾರ ಬೇಕಾಗಿಯೂ ಒಪ್ಪಂದ ಬೇಡವಾದವನಿಗೆ ಅಲ್ಲಿ ಗುಂಡಿಯೇ ಇರಲಿಲ್ಲ. ಚೌಕಾಸಿಗೆ ಸಂತೆ ನೆರೆದುದು ಇಂಥ ಕಡೆಯಲ್ಲಿಯೇ.

ಸದನದ ಕೈಗೆ ಕಾನೂನಿನ ಕರಡು ಸಿಕ್ಕಾಗ ಏನಾಗುತ್ತದೆಂಬುದು ಎರಡು ವರ್ಷಗಳಲ್ಲಿ ತಿಳಿಯಿತು. ಅಪಘಾತವಾದರೆ ಪರಿಹಾರ ಕೊಡುವವರು ಯಾರು ಎಂಬ ಮಸೂದೆ 2010ರಲ್ಲಿ ಬಂದಿತು. ಭೋಪಾಲದ ಅನಿಲ ದುರಂತದ ಮೊಕದ್ದಮೆಯ ತೀರ್ಪು ಆ ಜೂನ್ ತಿಂಗಳಲ್ಲಿ ಹೊರಬಿದ್ದು ಜನರ ಮನಸ್ಸು ಕುದಿಯುತ್ತಿತ್ತು. ಸ್ಥಾವರ ನಡೆಸುವವರ ಹೊಣೆಯ ಮಿತಿ 1,500 ಕೋಟಿ ರೂಪಾಯಿಗೆ ಏರಿತು. ದೋಷಯುಕ್ತ ಯಂತ್ರವನ್ನು ಪೂರೈಸಿದವರಿಂದಲೂ ಹಣ ವಸೂಲು ಮಾಡುವ ಹಕ್ಕನ್ನು ಸಂಸತ್ತು ಸೇರಿಸಿತು. ಅಮೆರಿಕದ ಕಂಪನಿಗಳು ಅದಕ್ಕೆ ಹಿಂಜರಿದವು. ಆಂಧ್ರದ ಕೊವ್ವಾಡದಲ್ಲಿ ಆರು ರಿಯಾಕ್ಟರುಗಳ ಮಾತು ವರ್ಷಗಟ್ಟಲೆ ನಡೆದರೂ, 2025ರ ಕೊನೆಯವರೆಗೆ ಭಾರತದ ನೆಲದಲ್ಲಿ ಈ ಒಪ್ಪಂದದ ಫಲವಾದ ಒಂದು ಅಮೆರಿಕನ್ ರಿಯಾಕ್ಟರೂ ಏಳಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾನೂನನ್ನು ಅಂಗೀಕರಿಸಿ 2010ರ ಕಾನೂನನ್ನು ತೆಗೆದುಹಾಕಿತು. ಖಾಸಗಿ ಕಂಪನಿಗಳಿಗೂ ಅಣುಶಕ್ತಿಯ ಬಾಗಿಲು ತೆರೆಯಿತು.

ಕೈಗಾದ ದೀಪ

ಹಾಗಾದರೆ ಒಪ್ಪಂದದಿಂದ ಬಂದುದೇನು? 2020ರ ಹೊತ್ತಿಗೆ 20,000 ಮೆಗಾವಾಟ್ ಎಂಬ ಗುರಿ ಕೈಗೂಡಲಿಲ್ಲ. 2008ರಲ್ಲಿ 4,120 ಮೆಗಾವಾಟ್ ಇದ್ದ ಸಾಮರ್ಥ್ಯ 2025ರ ಹೊತ್ತಿಗೆ ಎಂಟು ಸಾವಿರವನ್ನು ದಾಟಿತು, ಅಷ್ಟೆ. ಪರೀಕ್ಷೆಯ ಹಕ್ಕು ಹೋಯಿತೆಂಬ ಭಯವಾಗಲಿ, ದೇಶವೆಲ್ಲ ಅಣುದೀಪದಿಂದ ಬೆಳಗೀತೆಂಬ ಆಸೆಯಾಗಲಿ ಆಡಿದಷ್ಟು ದೊಡ್ಡದಾಗಿ ನಡೆಯಲಿಲ್ಲ. ಬಂದುದು ಯುರೇನಿಯಂ. ರಷ್ಯಾ, ಕಜಾಕಸ್ತಾನಗಳಿಂದ ಬಂದಿತು. 1974ರಲ್ಲಿ ಮುಖ ತಿರುಗಿಸಿದ್ದ ಕೆನಡಾ 2015ರಲ್ಲಿ ತಾನೂ ಮಾರಿತು.

ಹೊರಗಿನ ಯುರೇನಿಯಂ ಅನ್ನು ತಪಾಸಣೆಗೆ ಒಳಪಟ್ಟ ಸ್ಥಾವರಗಳಲ್ಲಿ ಮಾತ್ರ ಬಳಸಬಹುದು. ಆದ್ದರಿಂದ ಅದರ ಒಂದು ಕಣವೂ ಕೈಗಾಕ್ಕೆ ಹೋಗುವಂತಿಲ್ಲ. ಆದರೆ ಉಳಿದ ಸ್ಥಾವರಗಳ ಹೊಟ್ಟೆ ಹೊರಗಿನಿಂದ ತುಂಬಿದಾಗ ದೇಶದ ಗಣಿಗಳ ಯುರೇನಿಯಂ ಕೈಗಾದಂಥ ಸ್ಥಾವರಗಳಿಗೆ ಮಿಕ್ಕಿತು. ಅರೆಹೊಟ್ಟೆಯ ದಿನಗಳನ್ನು ಕಂಡಿದ್ದ ಕೈಗಾದ ಮೊದಲನೆಯ ರಿಯಾಕ್ಟರು 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು ಅಂದಿಗೆ ಜಗತ್ತಿನ ದಾಖಲೆಯನ್ನು ಸ್ಥಾಪಿಸಿತು.

ಹಂಗಿನ ಪ್ರಶ್ನೆಗೆ ಕಾಲ ಇಷ್ಟು ಉತ್ತರವನ್ನಾದರೂ ಕೊಟ್ಟಿದೆ: ಒಬ್ಬನಿಂದಲೇ ಕೊಂಡರೆ ಹಂಗು, ನಾಲ್ವರಿಂದ ಕೊಂಡರೆ ವ್ಯಾಪಾರ. ಅಧಿಕಾರದ ಪ್ರಶ್ನೆ ಮಾತ್ರ 2008ರಲ್ಲಿ ಇದ್ದಲ್ಲಿಯೇ ಇದೆ. ಮುಂದಿನ ದೊಡ್ಡ ಕರಾರು ಬಂದಾಗಲೂ, ಅದು ಅಣುವಿನದಾಗಲಿ, ವ್ಯಾಪಾರದ್ದಾಗಲಿ, ಜನರು ಆರಿಸಿ ಕಳುಹಿಸಿದ ಸದಸ್ಯರು ಅದರ ಮೇಲೆ ಮಾತನಾಡಬಹುದು. ಅದಕ್ಕೆ ಮತ ಹಾಕಲಾರರು. ಇದು ಹೀಗೆಯೇ ಇರಬೇಕೇ ಎಂಬುದನ್ನು, ಗದ್ದಲವಿಲ್ಲದ ಈ ದಿನಗಳಲ್ಲಿ, ಪಕ್ಷಭೇದ ಮರೆತು ಆಲೋಚಿಸುವುದು ಒಳ್ಳೆಯದು.