ಪಿತ್ತ ನೆತ್ತಿಗೇರಿದಾಗ

ಅಸಂಬದ್ಧವಾಗಿ ಮಾತನಾಡುವವನನ್ನು ಕಂಡು ‘ಇವನಿಗೆ ಪಿತ್ತ ನೆತ್ತಿಗೇರಿದೆ’ ಎನ್ನುವುದು ನಮ್ಮಲ್ಲಿ ವಾಡಿಕೆ. ಆಡುವವರು ಬೈಗುಳವಾಗಿ ಆಡಿದರೂ, ಪಿತ್ತವನ್ನು ಸ್ರವಿಸುವ ಯಕೃತ್ತಿಗೂ ಬುದ್ಧಿಯ ನೆಲೆಯಾದ ಮಿದುಳಿಗೂ ಇರುವ ಸಂಬಂಧದ ಮಟ್ಟಿಗೆ ಆ ಮಾತಿನಲ್ಲಿ ಸತ್ಯಾಂಶವುಂಟು. ನೆತ್ತಿಗೇರುವ ವಸ್ತು ಮಾತ್ರ ಪಿತ್ತವಲ್ಲ, ಮುಖ್ಯವಾಗಿ ಅಮೋನಿಯಾ.

ನಾವು ಉಂಡ ಬೇಳೆ, ಹಾಲು, ಮಾಂಸಗಳಲ್ಲಿರತಕ್ಕ ಪ್ರೋಟೀನು ಕರುಳಿನಲ್ಲಿ ಜೀರ್ಣವಾಗುವಾಗಲೂ, ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದರ ಶೇಷವನ್ನು ಒಡೆಯುವಾಗಲೂ ಅಮೋನಿಯಾ ಹುಟ್ಟುತ್ತದೆ. ಕರುಳಿನಿಂದ ಹೊರಟ ರಕ್ತವು ನೇರವಾಗಿ ಹೃದಯಕ್ಕೆ ಹೋಗದೆ ಮೊದಲು ಯಕೃತ್ತನ್ನು ಹೊಗುತ್ತದೆ. ಅಲ್ಲಿ ಈ ವಿಷವು ಯೂರಿಯಾ ಆಗಿ ಮಾರ್ಪಟ್ಟು, ಬಳಿಕ ಮೂತ್ರದೊಡನೆ ಹೊರಬೀಳುತ್ತದೆ. ಮದ್ಯಪಾನ, ಹೆಪಟೈಟಿಸ್ ಸೋಂಕು, ಕೊಬ್ಬಿನ ಶೇಖರಣೆ ಮೊದಲಾದ ಯಾವ ಕಾರಣದಿಂದಲೇ ಆಗಲಿ, ಯಕೃತ್ತು ಕಲೆಗಟ್ಟಿ ಗಡುಸಾಗಿ ಸಿರೋಸಿಸ್ ಸ್ಥಿತಿಗಿಳಿದಾಗ ಅದರ ಶೋಧನಶಕ್ತಿ ಕುಂದುವುದಲ್ಲದೆ, ಒಳಗೆ ಹಾದಿ ಕಾಣದ ರಕ್ತವು ಅಡ್ಡದಾರಿ ಹಿಡಿದು ಅಶುದ್ಧವಾಗಿಯೇ ದೇಹದಲ್ಲಿ ಸಂಚರಿಸತೊಡಗುತ್ತದೆ. 1893ರಲ್ಲಿ ರಷ್ಯದ ವಿಜ್ಞಾನಿ ಪಾವ್ಲೋವ್ ಮತ್ತು ಅವರ ಸಹೋದ್ಯೋಗಿಗಳು, ಶಸ್ತ್ರಕ್ರಿಯೆಯಿಂದ ಇಂಥದೇ ಅಡ್ಡದಾರಿ ಕಲ್ಪಿಸಿದ ನಾಯಿಗಳು ಮಾಂಸ ತಿಂದಮೇಲೆ ರೇಗುವುದನ್ನೂ ತತ್ತರಿಸುವುದನ್ನೂ ವರದಿಮಾಡಿದರು.

ಮಿದುಳಿನಲ್ಲಿ ಈ ಅಮೋನಿಯಾದ ಭಾರವನ್ನು ಹೊರುವವು ನರಕೋಶಗಳನ್ನು ಪೋಷಿಸುವ ನಕ್ಷತ್ರಾಕಾರದ ಕೋಶಗಳು. ಅವು ಅದನ್ನು ಗ್ಲುಟಮಿನ್ ಆಗಿ ಪರಿವರ್ತಿಸುತ್ತ ತಾವೇ ಊದಿಕೊಳ್ಳುತ್ತವೆ; ನರಕೋಶಗಳ ಪರಸ್ಪರ ವ್ಯವಹಾರ ಮಂದವಾಗುತ್ತದೆ.

ಈ ಮಾಂದ್ಯ ಮೊದಲು ಕಾಣುವುದು ಮನೆಯಲ್ಲಿ. ನಲವತ್ತು ವರ್ಷ ಅಂಗಡಿಯ ಖಾತೆ ಬರೆದ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರು ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ತೂಕಡಿಸುತ್ತಾರೆ, ಕಾರಣವಿಲ್ಲದೆ ಸಿಡುಕುತ್ತಾರೆ, ಹಾಲಿನವನ ಲೆಕ್ಕ ಕೂಡುವಾಗ ಎರಡು ಸಲ ತಪ್ಪುತ್ತಾರೆ, ಅವರ ಸಹಿಯನ್ನು ಅವರ ಮಗನೇ ಗುರುತಿಸಲಾರ. ವೈದ್ಯರು ಐದು ಮೂಲೆಯ ನಕ್ಷತ್ರವೊಂದನ್ನು ಬರೆಯಹೇಳಿದರೆ ಗೆರೆಗಳು ಒಂದನ್ನೊಂದು ಕೂಡುವುದಿಲ್ಲ. ಕೈಗಳನ್ನು ಮುಂದೆ ಚಾಚಿ ಅಂಗೈ ಹಿಂದಕ್ಕೆ ಬಾಗಿಸಿದರೆ, ಮಣಿಕಟ್ಟು ಕ್ಷಣಮಾತ್ರ ಕುಸಿದು ಮತ್ತೆ ಮೇಲೇಳುತ್ತದೆ. ರೆಕ್ಕೆ ಬಡಿದಂಥ ಈ ಲಕ್ಷಣವನ್ನು 1949ರಲ್ಲಿ ಅಮೆರಿಕದ ನರವೈದ್ಯರಾದ ಆಡಮ್ಸ್ ಮತ್ತು ಫೋಲಿ ವರ್ಣಿಸಿದರು. ಉಪೇಕ್ಷಿಸಿದರೆ ದಿಗ್ಭ್ರಮೆ, ಮಂಪರು, ಕಡೆಗೆ ಪ್ರಜ್ಞಾಹೀನತೆ ಬರಬಹುದು.

ಇಷ್ಟಾದರೂ ಇದು ಮುಪ್ಪಿನ ಮರೆವೂ ಅಲ್ಲ, ಗ್ರಹಚಾರವೂ ಅಲ್ಲ. ಕಾಲಕ್ಕೆ ಸರಿಯಾಗಿ ಗಮನಿಸಿದರೆ ಬಹುಮಟ್ಟಿಗೆ ಹಿಮ್ಮೆಟ್ಟಿಸಬಹುದಾದ ವ್ಯಾಧಿ. ಅನೇಕ ವೇಳೆ ಅದನ್ನು ಕೆರಳಿಸುವವು ಮಲಬದ್ಧತೆ, ಸೋಂಕು, ಜಠರದ ರಕ್ತಸ್ರಾವ, ದೇಹದ ನೀರು ಆರುವಿಕೆ, ನಿದ್ರೆಯ ಗುಳಿಗೆ ಇವೇ ಆದ್ದರಿಂದ, ವೈದ್ಯರು ಮೊದಲು ಹುಡುಕುವುದೂ ಇವನ್ನೇ. ಲ್ಯಾಕ್ಟುಲೋಸ್ ಎಂಬ ಸಿಹಿಯಾದ ದ್ರವೌಷಧವು ದಿನಕ್ಕೆ 2–3 ಸಲ ಮೃದುವಾದ ಮಲವಿಸರ್ಜನೆಯಾಗಿಸಿ ಅಮೋನಿಯಾವನ್ನು ತಗ್ಗಿಸುತ್ತದೆ. ವ್ಯಾಧಿ ಮರುಕಳಿಸುವವರಿಗೆ ರಿಫಾಕ್ಸಿಮಿನ್ ಎಂಬ ಔಷಧವನ್ನೂ ಸೇರಿಸುವುದುಂಟು. ಇಂಥ ರೋಗಿಗೆ ಬೇಳೆ, ಹಾಲು ಕೊಡಬಾರದೆಂಬ ಹಿಂದಿನ ಪಥ್ಯ ಈಗ ಬಿದ್ದುಹೋಗಿದೆ. ಸ್ನಾಯುಗಳೂ ಅಮೋನಿಯಾವನ್ನು ಹೀರುವುದರಿಂದ, ಅವು ಸೊರಗದಂತೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು; ಮಲಗುವ ಮುನ್ನ ಲಘು ಆಹಾರವೂ ಹಿತ.

ರೋಗಿಗೆ ತನ್ನ ಬುದ್ಧಿ ಮಸುಕಾದದ್ದು ತಾನಾಗಿ ತಿಳಿಯದೆ ಹೋಗಬಹುದು, ತಿಳಿಯಬೇಕಾದವರು ಬಳಿಯಲ್ಲಿರುವವರು. ಆದ್ದರಿಂದ ಯಕೃತ್ತಿನ ಕಾಯಿಲೆಯುಳ್ಳ ಮನೆಯಲ್ಲಿ ಹಿರಿಯರ ಲೆಕ್ಕ ತಪ್ಪಿದ ದಿನ, ಪಿತ್ತ ನೆತ್ತಿಗೇರಿತೆಂದು ಗೊಣಗುವ ಬದಲು, ‘ಅಪ್ಪಾ, ಕೈ ಸ್ವಲ್ಪ ಚಾಚಿ ನೋಡೋಣ’ ಎಂದು ಕೇಳಿ, ತಡಮಾಡದೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವ ಮಗನೇ ಅವರಿಗೆ ಮೊದಲ ಔಷಧ.