ದಮ್ಮು ಮತ್ತು ಅಲರ್ಜಿ ಚುಚ್ಚುಮದ್ದು: ದೇಹಕ್ಕೆ ಸಹನೆಯ ಪಾಠ



ಭತ್ತದ ಸುಗ್ಗಿ ಬಂತೆಂದರೆ ದಾವಣಗೆರೆ, ಹರಿಹರಗಳ ದಮ್ಮಿನ ರೋಗಿಗಳು ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತಾರೆ. ಒಬ್ಬರಿಗೆ ರೈಸ್ ಮಿಲ್ಲಿನ ಧೂಳು, ಇನ್ನೊಬ್ಬರಿಗೆ ಕಾಂಗ್ರೆಸ್ ಗಿಡದ ಪರಾಗ, ಮತ್ತೊಬ್ಬರಿಗೆ ಹಾಸಿಗೆಯಲ್ಲಿ ಕಣ್ಣಿಗೆ ಕಾಣದಂತಿರುವ ಧೂಳುಹುಳ ಕಾರಣವಾಗಿರುತ್ತದೆ. "ಅಲರ್ಜಿಗೆ ಇಂಜೆಕ್ಷನ್ ಇದೆಯಂತೆ, ಅದರಿಂದ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಯೇ?" ಎಂದು ಹಲವರು ಕೇಳುತ್ತಾರೆ.

ಅಲರ್ಜಿಯುಳ್ಳವರಲ್ಲಿ ಆ ಶಕ್ತಿ ಕುಂದಿರುವುದಿಲ್ಲ, ದಾರಿ ತಪ್ಪಿರುತ್ತದೆ. ನಿರುಪದ್ರವಿಯಾದ ಪರಾಗವನ್ನೇ ಶತ್ರುವೆಂದು ಬಗೆದು ದೇಹವು ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿಕೊಳ್ಳುತ್ತದೆ. ಪರಾಗ ಮತ್ತೆ ಒಳಹೊಕ್ಕಾಗ ಹಿಸ್ಟಮಿನ್ ಮೊದಲಾದ ದ್ರವ್ಯಗಳು ಹೊಮ್ಮಿ, ಶ್ವಾಸನಾಳ ಊದಿ ಬಿಗಿಯುತ್ತದೆ.

ಪರಾಗದ ಸಾರವನ್ನೇ ಚುಚ್ಚುಮದ್ದಾಗಿ ಕೊಡುವ ಪ್ರಯೋಗವನ್ನು ಲಂಡನ್ನಿನ ವೈದ್ಯ ಲಿಯೊನಾರ್ಡ್ ನೂನ್ 1911ರಲ್ಲಿ ಪ್ರಕಟಿಸಿದರು. ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಕ್ರಮೇಣ ಏರಿಸುತ್ತ, 3ರಿಂದ 5 ವರ್ಷ ಮುಂದುವರಿಸುವುದು ಇಂದಿನ ರೂಢಿ. ಆಗ ನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಟಿ-ಕೋಶಗಳು ಬಲಗೊಳ್ಳುತ್ತವೆ. ಐಜಿಇಗೆ ಅಡ್ಡಬರುವ ಐಜಿಜಿ4 ಪ್ರತಿಕಾಯಗಳು ಹೆಚ್ಚುತ್ತವೆ. ದೇಹ ಕಲಿಯುವುದು ಹೋರಾಟವನ್ನಲ್ಲ, ಸಹನೆಯನ್ನು. ಅಹಿತಕರವಾದುದೂ ಅಭ್ಯಾಸಬಲದಿಂದ ದೇಹಕ್ಕೆ ಒಗ್ಗುವುದನ್ನು ಚರಕಸಂಹಿತೆ ಓಕಸಾತ್ಮ್ಯವೆನ್ನುತ್ತದೆ. ಎರಡೂ ಒಂದೇ ಎಂದು ನಾವು ಹೇಳೆವು. ಆದರೆ ಆ ತತ್ತ್ವ ನಮಗೆ ಅಪರಿಚಿತವಲ್ಲ.

ಈ ಚಿಕಿತ್ಸೆ ಎಲ್ಲರಿಗೂ ಅಲ್ಲ. ಮೊದಲು ಚರ್ಮಪರೀಕ್ಷೆ ಅಥವಾ ರಕ್ತಪರೀಕ್ಷೆಯಿಂದ ಅಲರ್ಜಿಯ ಮೂಲ ಖಚಿತವಾಗಬೇಕು. ಮಂಡಕ್ಕಿ ಭಟ್ಟಿಯ ಹೊಗೆಯಿಂದ ಉಬ್ಬಸ ಬರುವವರಿಗೆ ಇದು ಪ್ರಯೋಜನವಿಲ್ಲ. ಹೊಗೆ ಶ್ವಾಸನಾಳವನ್ನು ಕೆರಳಿಸುತ್ತದೆಯೇ ಹೊರತು ಅದು ಅಲರ್ಜಿಯಲ್ಲ. ದಮ್ಮು ಹತೋಟಿಯಲ್ಲಿಲ್ಲದಾಗ ಚುಚ್ಚುಮದ್ದು ಪ್ರಾಣಕ್ಕೇ ಅಪಾಯ ತರಬಹುದು. ಆದ್ದರಿಂದ ತಜ್ಞರ ಬಳಿಯಲ್ಲಿಯೇ ತೆಗೆದುಕೊಂಡು, ಪ್ರತಿ ಬಾರಿಯೂ ಕನಿಷ್ಠ 30 ನಿಮಿಷ ಅಲ್ಲಿಯೇ ಕುಳಿತಿರಬೇಕು. ಯೋಗ್ಯರಾದವರಲ್ಲಿ ಉಬ್ಬಸದ ಬಾಧೆಯೂ ಔಷಧದ ಅಗತ್ಯವೂ ತಗ್ಗಬಹುದು. ರೋಗ ಬೇರುಸಹಿತ ಹೋಗುತ್ತದೆಂಬ ಭರವಸೆಯಿಲ್ಲ.

"ಕಷಾಯ ಕುಡಿಯುತ್ತಿದ್ದೇವೆ, ಇನ್‌ಹೇಲರ್ ಬಿಟ್ಟೆವು" ಎನ್ನುವವರನ್ನು ಕಂಡಾಗ ನಮಗೆ ಭಯವಾಗುತ್ತದೆ. ಆಯುರ್ವೇದ ವೈದ್ಯರಾದ ನಾವೇ ಹೇಳುತ್ತಿದ್ದೇವೆ: ಕಷಾಯವಿರಲಿ, ಚುಚ್ಚುಮದ್ದಿರಲಿ, ವೈದ್ಯರು ಹೇಳುವವರೆಗೆ ಇನ್‌ಹೇಲರ್ ಬಿಡಬೇಡಿ. ಮಾತನಾಡಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಿ.

ವಾರಕ್ಕೊಮ್ಮೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು, ಕೌದಿಗಳನ್ನು ಬಿಸಿಲಿಗೆ ಹಾಕಿ. ಮಿಲ್ಲಿನ ಕಾಯಕದಲ್ಲಿರುವವರು ಮೂಗು, ಬಾಯಿಗಳಿಗೆ ಮಾಸ್ಕ್ ಧರಿಸಿ. ಕಾಯಕ ನಡೆಯಬೇಕಾದರೆ ಮೊದಲು ಉಸಿರು ನೆಟ್ಟಗಿರಬೇಕು.