ಆಪರೇಷನ್ ತಾಳಲಾರದವರಿಗೆ ಪಿತ್ತಕೋಶದ ಎಂಡೋಸ್ಕೋಪಿ ಚಿಕಿತ್ಸೆ

ತೊಂದರೆ ಏನು?
ಲಿವರ್‌ನಲ್ಲಿ ತಯಾರಾಗುವ ಪಿತ್ತರಸ ಅದರ ಕೆಳಗಿರುವ ಪಿತ್ತಕೋಶವೆಂಬ ಸಣ್ಣ ಚೀಲದಲ್ಲಿ ಶೇಖರವಾಗುತ್ತದೆ. ಈ ಚೀಲದ ಬಾಯಿಗೆ ಕಲ್ಲು ಸಿಕ್ಕಿಕೊಂಡರೆ ಚೀಲ ಊದಿಕೊಂಡು, ಸೋಂಕು ತಗುಲಿ ಕೀವಾಗಬಹುದು. ಹೊಟ್ಟೆಯ ಬಲಭಾಗದ ಮೇಲ್ಗಡೆ ತೀವ್ರ ನೋವು, ಜ್ವರ, ವಾಂತಿ ಇದರ ಲಕ್ಷಣಗಳು. ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ.

ಎಲ್ಲರಿಗೂ ಆಪರೇಷನ್ ಆಗುತ್ತದೆಯೇ?
ಪಿತ್ತಕೋಶವನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ. ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಬಿಡುವುದಿಲ್ಲ. ಆದರೆ ಹೃದಯ, ಶ್ವಾಸಕೋಶ ಅಥವಾ ಲಿವರ್ ತೀರಾ ದುರ್ಬಲವಾಗಿದ್ದರೆ ಆಪರೇಷನ್ನೇ ಅಪಾಯವಾಗಬಹುದು. "ಆಪರೇಷನ್ ಬೇಡ" ಎಂದು ವೈದ್ಯರು ಹೇಳಿದರೆ, ಇನ್ನೇನೂ ದಾರಿಯಿಲ್ಲವೆಂದು ಎದೆಗುಂದಬೇಡಿ. ಕೀವನ್ನು ಹೊರತೆಗೆಯುವ ಮಾರ್ಗಗಳಿವೆ.

ಯಾವ ಮಾರ್ಗಗಳು?
1. ಹೊಟ್ಟೆಯ ಚರ್ಮದ ಮೂಲಕ ನಳಿಕೆ ಹಾಕುವುದು. ರೋಗಿ ಹಲವು ವಾರ ಹೊರಗಿನ ಚೀಲ ಹೊತ್ತಿರಬೇಕು. ನಳಿಕೆ ಕಟ್ಟಿಕೊಳ್ಳಬಹುದು, ಕಳಚಿಯೂ ಬರಬಹುದು.
2. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡ್‌ನಿಂದ ನೋಡುತ್ತ, ಜಠರ ಅಥವಾ ಸಣ್ಣ ಕರುಳಿನ ಗೋಡೆಯಿಂದ ಪಿತ್ತಕೋಶಕ್ಕೆ ಲೋಹದ ಗಿಡ್ಡ ಸ್ಟೆಂಟ್ ಕೂರಿಸುವುದು. ಕೀವು ಕರುಳಿಗೇ ಹರಿದುಹೋಗುತ್ತದೆ, ಹೊರಗೆ ಚೀಲವಿರುವುದಿಲ್ಲ.
3. ಪಿತ್ತನಾಳದ ದಾರಿಯಿಂದಲೇ ಸಣ್ಣ ಪ್ಲಾಸ್ಟಿಕ್ ಸ್ಟೆಂಟ್ ಹಾಕುವುದು. ರಕ್ತಸ್ರಾವದ ಭಯವಿರುವವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಇದನ್ನು ಯೋಚಿಸುತ್ತಾರೆ.

ಸುಮಾರು 80 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ತೊಂದರೆ ಕಂಡವರು ಮೊದಲ ವಿಧಾನದಲ್ಲಿ ಶೇ. 78, ಎರಡನೆಯದರಲ್ಲಿ ಶೇ. 26.

ಒಪ್ಪಿಗೆಗೆ ಮುನ್ನ ತಿಳಿಯಿರಿ
ರಕ್ತಸ್ರಾವ, ಪಿತ್ತರಸ ಸೋರುವುದು, ಸ್ಟೆಂಟ್ ಜರುಗುವುದು ಅಥವಾ ಕಟ್ಟಿಕೊಳ್ಳುವುದು ಸಾಧ್ಯ. ಲೋಹದ ಸ್ಟೆಂಟ್ ಹಾಕಿದ ಮೇಲೆ ಪಿತ್ತಕೋಶದ ಆಪರೇಷನ್ ಕಷ್ಟವಾಗುತ್ತದೆ. ಆದ್ದರಿಂದ "ಮುಂದೆ ಆಪರೇಷನ್ ಮಾಡುವ ಸಾಧ್ಯತೆ ಇದೆಯೇ?" ಎಂದು ವೈದ್ಯರನ್ನು ತಪ್ಪದೆ ಕೇಳಿ. ಪರಿಣತ ತಜ್ಞರು ಮತ್ತು ಸಲಕರಣೆ ಬೇಕಾದುದರಿಂದ ಈ ಸೌಲಭ್ಯ ಎಲ್ಲೆಡೆ ಇರುವುದಿಲ್ಲ. ಖರ್ಚನ್ನೂ ಮೊದಲೇ ವಿಚಾರಿಸಿ.

ರೋಗಿಯ ಕಡೆಯವರ ಗಮನಕ್ಕೆ
• ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿಗಳನ್ನು ಮೊದಲೇ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ.
• ಚಿಕಿತ್ಸೆಗೆ ಮುನ್ನ ಹೊಟ್ಟೆ ಖಾಲಿ ಇರಬೇಕು. ಪ್ರೀತಿಯಿಂದಲೂ ಕಾಫಿ, ಗಂಜಿ ಕುಡಿಸಬೇಡಿ.
• ಮನೆಗೆ ಹೋದ ಮೇಲೆ ಚಳಿಜ್ವರ, ಹೊಟ್ಟೆನೋವು, ಕಣ್ಣು ಹಳದಿಯಾಗುವುದು, ರಕ್ತವಾಂತಿ ಅಥವಾ ಕಪ್ಪು ಮಲ ಕಂಡರೆ ತಕ್ಷಣ ಆಸ್ಪತ್ರೆಗೆ ಬನ್ನಿ.
• ನೋವು ಹೋಯಿತೆಂದು ಮರುತಪಾಸಣೆ ತಪ್ಪಿಸಬೇಡಿ. ಸ್ಟೆಂಟ್ ಬದಲಿಸಬೇಕಾಗಬಹುದು. ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಡಿ.

ಸಂದೇಹವಿದ್ದರೆ ಸಂಕೋಚಪಡದೆ ವೈದ್ಯರನ್ನು ಕೇಳಿ. ರೋಗಿಗೆ ಧೈರ್ಯ ಹೇಳಿ.